ನಿರುದ್ಯೋಗಿಗೆ ಮೂರು ತಿಂಗಳ ರಜೆ

ಫಾರಂ ತುಂಬುವುದೆಂದರೆ ನನಗೆ ಒಳಗೊಳಗೇ ಖುಷಿ. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಬೀದಿಯವರೆಲ್ಲ ಬ್ಯಾಂಕಿನ ಚಲನ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಇದು ಕಾನ್ವೆಂಟಿನಲ್ಲಿ ಓದಿದ್ದರ ಫಲ. ನಮ್ಮ ಸಿಸ್ಟರುಗಳು ನಮಗೆ ಗಣಿತ ಎಷ್ಟು ಕಲಿಸಿದರೋ ಗೊತ್ತಿಲ್ಲ, ಒಂದು ಚೌಕಕ್ಕೆ ಒಂದೇ ಅಕ್ಷರ, ಗೆರೆಯಿಂದ ಆಚೆ ಬಾಲ ಚಾಚಬಾರದು, ಗೊತ್ತಿಲ್ಲದ್ದನ್ನು ಬರೆಯಬಾರದು, ಸುಳ್ಳನ್ನಂತೂ ಬರೆಯಲೇಬಾರದು ಎಂಬುದನ್ನು ಮಾತ್ರ ಮೂಳೆಗಿಳಿಯುವ ಹಾಗೆ ಕಲಿಸಿದರು. ಹೀಗಾಗಿ ಗುಂಡ್ಲುಪೇಟೆಯಲ್ಲಿ ನನ್ನಷ್ಟು ಅಚ್ಚುಕಟ್ಟಾಗಿ ಫಾರಂ ತುಂಬುವವರಿಲ್ಲ ಎಂಬ ಒಂದು ಸಣ್ಣ ಜಂಬ ನನಗಿತ್ತು. ಆ ಜಂಬ ಇಳಿದದ್ದು ಹೇಗೆಂದು ಹೇಳುತ್ತೇನೆ.

ನನಗೆ ಒಬ್ಬಳೇ ತಂಗಿ, ಶೈಲಾ. ನರ್ಸಿಂಗ್ ಓದಿ, ಜೊತೆಯಲ್ಲಿ ಓದುತ್ತಿದ್ದ ವಯನಾಡಿನ ಬಿಜುವನ್ನು ಮದುವೆಯಾಗಿ, ಇಬ್ಬರೂ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳು ಬಸುರಿಯಾದಳು. ನಮ್ಮ ಅಮ್ಮ ಇಲ್ಲ. ಬಿಜುವಿನ ತಾಯಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರರು. ದಿನಕ್ಕೆ ಹತ್ತು ಹೆರಿಗೆ ನೋಡುವ ನರ್ಸು ತನ್ನ ಹೆರಿಗೆಯ ಮಾತು ಬಂದಾಗ ಮಾತ್ರ ಫೋನಿನಲ್ಲಿ ಚಿಕ್ಕ ಹುಡುಗಿಯ ಹಾಗೆ ಅತ್ತಳು. "ಅಕ್ಕಾ, ನೀನ್ ಬರ್ತೀಯಾ? ಎಲ್ಲಾ ಇದೆ ಇಲ್ಲಿ. ಹತ್ತಿರ ಕೂತ್ಕೊಳೋರು ಯಾರೂ ಇಲ್ಲ." ನಾನು ಉತ್ತರ ಹೇಳುವ ಮೊದಲೇ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ನಮ್ಮ ಅತ್ತೆ ಫೋನಿನ ಕಡೆಗೆ ಬಾಗಿ, "ಬತ್ತಾಳೆ ಕಣಮ್ಮಿ, ನೀನು ಅಳ್ಬೇಡ, ಕೂಸಿಗಾಗಾಕಿಲ್ಲ" ಎಂದು ಕೂಗಿ ಮುಗಿಸಿಬಿಟ್ಟರು. ಇಂಗ್ಲೆಂಡಿನ ಅನುಮತಿ ಬೇರೆ ಬೇಕು ಎಂಬುದು ಅವರಿಗೆ ಅಷ್ಟು ದೊಡ್ಡ ವಿಷಯವಾಗಿ ಕಾಣಲಿಲ್ಲ.

ವೀಸಾ ಅರ್ಜಿ ಹಾಕುವವರು ಚಾಮರಾಜನಗರದಲ್ಲಿ ಒಬ್ಬರಿದ್ದಾರೆಂದು ತಿಳಿದು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ನಾನೂ ನಮ್ಮ ಮನೆಯವರೂ ಹೋದೆವು. ಸಿದ್ದರಾಜು ಎಂದು ಅವರ ಹೆಸರು. ಕಂಪ್ಯೂಟರ್ ಸೆಂಟರಿನ ಹೊರಗೆ ಪಹಣಿ, ಜಾತಿ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ, ಲ್ಯಾಮಿನೇಷನ್ ಎಂದು ಒಂದರ ಕೆಳಗೊಂದು ಬರೆದಿತ್ತು. ಒಳಗೆ ಕಂಪ್ಯೂಟರಿನ ಹಣೆಗೆ ಮೂರು ಪಟ್ಟೆ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟಿದ್ದರು. ಕೀಲಿಗಳಲ್ಲಿ ಅರ್ಧಕ್ಕರ್ಧ ಅಕ್ಷರ ಸವೆದುಹೋಗಿದ್ದವು, ಆದರೂ ಅವರ ಬೆರಳು ಒಂದು ಸಲವೂ ತಪ್ಪಲಿಲ್ಲ. ನಾನು ಮೆಚ್ಚಿ ನೋಡುತ್ತಿರುವಾಗಲೇ ಅವರು ಕೇಳಿದರು, "ಅಕ್ಕಾವ್ರೆ, ಕೆಲ್ಸ ಏನು?"

"ಗೃಹಿಣಿ."

"ಅದಿಲ್ವೇ ಇಲ್ಲಿ."

ನಾನು ಕುರ್ಚಿ ಎಳೆದುಕೊಂಡು ಪರದೆ ನೋಡಿದೆ. ನೌಕರಿಯಲ್ಲಿದ್ದಾರೆ, ಸ್ವಂತ ಉದ್ಯೋಗ, ವಿದ್ಯಾರ್ಥಿ, ನಿವೃತ್ತರು, ನಿರುದ್ಯೋಗಿ. ಐದರಲ್ಲಿ ಒಂದನ್ನು ಒತ್ತಬೇಕು. ನೌಕರಿ ಇಲ್ಲ. ಸ್ವಂತ ಉದ್ಯೋಗವೆಂದರೆ ಸ್ವಂತಕ್ಕೆ ಏನಾದರೂ ಮಾಡಿಕೊಂಡಿರಬೇಕು. ವಿದ್ಯಾರ್ಥಿಯಾಗಿ ಕಾಲ ಕಳೆಯಿತು. ನಿವೃತ್ತಿಯ ಯೋಗ ಈ ಜನ್ಮದಲ್ಲಿ ಕಾಣುತ್ತಿಲ್ಲ. ಸಿದ್ದರಾಜು ಸಂಕೋಚದಿಂದ ಕೊನೆಯದನ್ನು ಒತ್ತಿದರು. ಬೆಳಗ್ಗೆ ಐದಕ್ಕೆ ಎದ್ದು, ಹಾಲು ಕಾಯಿಸಿ, ರೊಟ್ಟಿ ತಟ್ಟಿ, ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕಿ, ಒಗೆದ ಬಟ್ಟೆ ಹರವಿ ಬಂದು ಅಲ್ಲಿ ಕೂತಿದ್ದ ನಾನು ಒಂದು ಕ್ಷಣದಲ್ಲಿ ನಿರುದ್ಯೋಗಿಯಾದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ನಗು ತಡೆಯಲು ಕೆಮ್ಮಿದರು. ಆ ಕೆಮ್ಮು ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು.

ಮುಂದಿನ ಪ್ರಶ್ನೆ, ಹೋಗುವ ಉದ್ದೇಶವೇನು ಎಂಬುದು. ಇದಕ್ಕಾದರೂ ಉತ್ತರವಿದೆಯಲ್ಲ ಎಂದು, "ಬಾಣಂತನ ಮಾಡಕ್ಕೆ" ಎಂದೆ. ಸಿದ್ದರಾಜು ಕೀಲಿಯ ಮೇಲಿಂದ ಕೈ ತೆಗೆದುಬಿಟ್ಟರು. "ಅಯ್ಯೋ, ಅದೊಂದ ಮಾತ್ರ ಬರೀಬೇಡಿ ಅಕ್ಕ. ಇದು ನೋಡ್ಕಂಡ್ ಬರೋರ ವೀಸ. ಅಲ್ಲೋಗಿ ಕೆಲ್ಸ ಮಾಡಂಗಿಲ್ಲ. ಮಗೀಗೆ ನೀರ್ ಹಾಕ್ತೀನಿ, ಅಡ್ಗೆ ಮಾಡ್ತೀನಿ ಅಂದ್ರೆ ಅದು ಕೆಲ್ಸ ಅಂದ್ಕಬುಟ್ರೆ? ಕೆಲ್ಸಕ್ಕೆ ಬತ್ತಾವ್ರೆ ಅಂತ ಅರ್ಜಿ ಒಡ್ದು ಕಳಿಸ್ಬುಡ್ತಾರೆ!"

ಅಡುಗೆಯನ್ನು ಇಲ್ಲಿ ಮಾಡಿದರೆ ನಿರುದ್ಯೋಗ, ಅಲ್ಲಿ ಮಾಡಿದರೆ ಅಕ್ರಮ ಉದ್ಯೋಗ. ನಡುವೆ ವಿಮಾನದಲ್ಲಿ ಕೂತು ಹೋಗುವ ಅಷ್ಟು ಗಂಟೆಗಳಲ್ಲಿ ನನ್ನ ಅಡುಗೆಗೆ ಇಷ್ಟು ಬೆಲೆ ಬರುವುದಾದರೆ ಮೊದಲೇ ಯಾವಾಗಲಾದರೂ ಹೋಗಿ ಬರಬಹುದಿತ್ತು. "ಕೆಲ್ಸ ಇಲ್ದೋರು ಅಂದ್ರೆ ವಾಪಸ್ ಬರಾಕಿಲ್ಲ ಅನ್ನೋ ಅನುಮಾನಾನೂ ಬರ್ಬೋದು. ಇಲ್ಲಿಗೆ ವಾಪಸ್ ಎಳ್ಯೋ ಹಿಡ್ತ ಏನಾರ ಒಂದು ತೋರುಸ್ಬೇಕು. ಯೋಚ್ನೆ ಮಾಡ್ಕಂಡ್ ಬನ್ನಿ" ಎಂದು ಸಿದ್ದರಾಜು ಅರ್ಜಿಯನ್ನು ಅರ್ಧಕ್ಕೇ ನಿಲ್ಲಿಸಿದರು. ದೀಪಾವಳಿ ಕಳೆದ ಮೇಲೆ ಶೈಲಾಳ ಹೆರಿಗೆ. ವೀಸಾ ಸಿಗದಿದ್ದರೆ ಇನ್ನೊಂದು ಸಲ ಅರ್ಜಿ ಹಾಕುವಷ್ಟು ಸಮಯವೂ ಇರಲಿಲ್ಲ.

ಉಪಾಯ ಹೊಳೆದದ್ದು ನಮ್ಮ ಮನೆಯವರಿಗೆ. ಅವರದು ಊಟಿ ರಸ್ತೆಯಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ. "ನಮ್ಮಂಗ್ಡೀಲೇ ಮ್ಯಾನೇಜರ್ ಅಂತ ಬರ್ಸ್ಬುಡನ ಕಣೇ. ಸೀಲ್ ಇದೆ, ಸೈನ್ ಹಾಕಕ್ಕೆ ನಾನಿದೀನಿ, ಇನ್ನೇನು?" ಸಿಸ್ಟರುಗಳು ನೆನಪಾದರು. ಮ್ಯಾನೇಜರ್ ಆಗದೆಯೇ ಆಗಿದ್ದೇನೆಂದು ಬರೆಯುವುದು ಹೇಗೆ? ಹಾಗಾದರೆ ಆಗಿಯೇ ಬಿಡುತ್ತೇನೆಂದು ಮರುದಿನ ಬೆಳಗ್ಗೆ ಇಸ್ತ್ರಿ ಸೀರೆ ಉಟ್ಟು ಅಂಗಡಿಗೆ ಹೋಗಿ ಕೂತೆ. ಮೊದಲು ಬಂದವರು ಒಬ್ಬ ಯಜಮಾನರು. "ಅವ್ವಾ, ಸಣ್ಣೀರುಳ್ಳಿ ತುದಿ ಒಣುಗ್ತಾ ಅದೆ. ಏನಾರ ಒಂದು ಔಸ್ದಿ ಕೊಡಿ." ಯಾವಾಗ ನಾಟಿ ಮಾಡಿದಿರಿ, ನೀರು ಎಷ್ಟು ದಿನಕ್ಕೊಮ್ಮೆ, ಎಲೆ ಹಳದಿಯಾಗಿದೆಯೋ ಕಂದೋ ಎಂದು ನಾನು ಮಕ್ಕಳ ಜ್ವರ ವಿಚಾರಿಸುವ ಹಾಗೆ ವಿಚಾರಿಸಿದೆ. ನೀರು ಜಾಸ್ತಿಯಾಗಿದೆಯೆಂದು ಅವರೇ ಕಂಡುಕೊಂಡರು. "ಹಾಗಾದ್ರೆ ಎರಡು ದಿನ ನೀರು ನಿಲ್ಸಿ ನೋಡಿ, ಔಷಧಿ ಯಾಕೆ ಸುಮ್ನೆ" ಎಂದೆ. "ನಮ್ಮವ್ವನ ಕಂಡಂಗಾಯ್ತು" ಎಂದು ಕೈ ಮುಗಿದು ಬರಿಗೈಲಿ ಹೋದರು. ಮಧ್ಯಾಹ್ನದೊಳಗೆ ಇನ್ನೂ ಮೂವರು ಹೀಗೇ ಕೈ ಮುಗಿದು ಹೋದರು. ನಮ್ಮ ಮನೆಯವರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಮೃದುವಾಗಿ, "ಸುಮಾ, ಇನ್ನೊಂದಿನ ನೀನಿಲ್ಲಿ ಕೂತ್ರೆ ಅಂಗ್ಡಿ ಶಟರ್ ಎಳೀಬೇಕಾಯ್ತದೆ. ಮನೇಗೆ ಹೋಗು" ಎಂದರು. ನನ್ನ ಜೀವನದ ಒಂದೇ ಒಂದು ನೌಕರಿ ಊಟದ ಹೊತ್ತಿಗೆ ಹೋಯಿತು. ಈಗ ಮಾತ್ರ ನಾನು ನಿಜವಾಗಿಯೂ ನಿರುದ್ಯೋಗಿ. ಯಾವ ಸಿಸ್ಟರೂ ಆಕ್ಷೇಪಿಸುವಂತಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ನೌಕರಿಯಲ್ಲಿರುವವರಾದರೆ ಸಾಹೇಬರಿಂದ ರಜೆಯ ಪತ್ರ ತಂದು ಲಗತ್ತಿಸುತ್ತಾರಂತೆ, ಇಂಥ ದಿನ ವಾಪಸು ಬಂದು ಕೆಲಸಕ್ಕೆ ಸೇರಬೇಕು ಎಂದು ಅದರಲ್ಲಿ ಬರೆದಿರುತ್ತದಂತೆ, ನನಗೆ ಅಂಥದ್ದು ಯಾರು ಕೊಡಬೇಕು ಎಂದೆ. ಅತ್ತೆ ಬಾಯಲ್ಲಿದ್ದ ಎಲೆಯಡಿಕೆ ಒಂದು ಕಡೆಗೆ ಸರಿಸಿ, "ಅದ್ಕೇನು, ನಾ ಕೊಡ್ತೀನಿ. ಪೇಪರ್ ತಕಬಾ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಯೋಚಿಸಿ ನೋಡಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ತವರಿಗೆ ಹೋಗಬೇಕಾದರೂ, ಮೈಸೂರಿಗೆ ಮದುವೆಗೆ ಹೋಗಬೇಕಾದರೂ ಇಷ್ಟು ವರ್ಷ ಕೇಳಿರುವುದು ಅವರನ್ನೇ. ನಮ್ಮ ಕಡೆ ಸೊಸೆಗೆ ರಜೆ ಕೊಡುವ ಅಧಿಕಾರಿ ಅತ್ತೆಯೇ. ಅದನ್ನು ಕಾಗದದ ಮೇಲೆ ಬರೆಯುವ ಪದ್ಧತಿ ಇಲ್ಲ, ಅಷ್ಟೇ.

ನಾನು ಅವರು ಹೇಳಿದ್ದನ್ನು ಕಾನ್ವೆಂಟಿನ ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತ ಹೋದೆ.

"ನಾನು ಇವ್ಳ ಅತ್ತೆ. ಇವ್ಳು ನಮ್ಮನೆ ಸೊಸೆಯಾಗಿ ಇಪ್ಪತ್ತೆರಡು ವರ್ಸ ಆಯ್ತು. ಏಳಾದು ಮೊದ್ಲು ಇವ್ಳೇ, ಮನ್ಗಾದು ಕೊನೇಗೂ ಇವ್ಳೇ. ನಾನು ಆಸ್ಪತ್ರೇಲಿದ್ದಾಗ ಒಂದು ತಿಂಗ್ಳು ಪಕ್ಕದಲ್ಲೇ ಕೂತಿದ್ಲು. ಇವ್ಳಿಲ್ದೆ ನಮ್ಮನೆ ನಡೆಯಾಕಿಲ್ಲ. ತಾಯಿಲ್ದ ತಂಗಿ ಅಂತ ಮೂರು ತಿಂಗ್ಳು ಕಳಿಸ್ತಾ ಇವ್ನಿ. ಸಿವರಾತ್ರಿ ಒತ್ಗೆ ವಾಪಸ್ ಕಳಿಸ್ಬುಡಿ. ಇಟ್ಕಬೇಡಿ."

ನನ್ನ ಪೆನ್ನು ನಿಂತಿತು. ಈ ಮಾತನ್ನು ಅವರು ನನಗೆ ಒಂದು ದಿನವೂ ಹೇಳಿರಲಿಲ್ಲ. ಗುರುತು ಪರಿಚಯವಿಲ್ಲದ ಯಾವನೋ ಅಧಿಕಾರಿಗೆ ಹೇಳುತ್ತಿದ್ದರು. ನಾನು ಮೂಗು ಒರೆಸಿಕೊಂಡದ್ದನ್ನು ನೋಡಿ ಅತ್ತೆಗೆ ಮುಜುಗರವಾಯಿತು. "ಸಾರ್ಗೆ ಉಪ್ಪು ಒಂಚೂರು ಮುಂದಾಗೇ ಹಾಕ್ತಾಳೆ. ಅದ ಬರೀಬೇಡ ಬುಡು" ಎಂದು ಸೇರಿಸಿದರು. ಬರೆದದ್ದನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತ, ಅಭ್ಯಾಸಬಲದಿಂದ ಕೊನೆಗೆ 'ನಿಮ್ಮ ವಿಧೇಯಳಾದ' ಎಂದು ಹಾಕಿದ್ದನ್ನೂ ಓದಿದೆ. "ವಿಧೇಯ ಅಂದ್ರೇನು?" ಎಂದರು. ಹೇಳಿದ ಹಾಗೆ ಕೇಳುವವಳು ಎಂದೆ. "ಅಲ್ಲ ಕಣವ್ವ, ರಜ ಕೊಡೋಳೂ ನಾನು, ಹೇಳ್ದಂಗೆ ಕೇಳೋಳೂ ನಾನೇಯ? ಹೊಡ್ದಾಕು ಅದ" ಎಂದರು. ಹೊಡೆದುಹಾಕಿದೆ. ಅದರ ಕೆಳಗೆ ಅವರು ತಮ್ಮ ಹೆಸರನ್ನು, ಒಂದೊಂದು ಅಕ್ಷರಕ್ಕೂ ಒಮ್ಮೆ ಉಸಿರು ಬಿಟ್ಟು, ಕನ್ನಡದಲ್ಲಿ ಬರೆದರು.

ಅದರ ಜೊತೆಗೆ ನಾನೂ ಒಂದು ಪುಟ ಬರೆದೆ. ತಂಗಿಗೆ ಮಗು ಹುಟ್ಟಲಿದೆ, ತಾಯಿ ಇಲ್ಲ, ಅವಳ ಜೊತೆಗಿರಲು ಹೋಗುತ್ತಿದ್ದೇನೆ, ಅಲ್ಲಿ ಇರುವಷ್ಟು ದಿನ ಅಡುಗೆ ಮಾಡುತ್ತೇನೆ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತೇನೆ, ಇದಕ್ಕೆ ಅಲ್ಲಿ ಯಾರೂ ಸಂಬಳ ಕೊಡುವುದಿಲ್ಲ, ಇಲ್ಲಿಯೂ ಕೊಡುವುದಿಲ್ಲ. ಸಿದ್ದರಾಜು ಎರಡೂ ಪತ್ರ ಓದಿ, "ಕೊನೇ ಲೈನು ಬೇಕಾ ಅಕ್ಕ?" ಎಂದರು. ಬೇಕು ಎಂದೆ. "ಸರ್ಕಾರಕ್ಕೆ ಅತ್ತೆ ಬರ್ದಿರೋ ಲೆಟ್ರು ನಾನಂತೂ ಕಂಡಿಲ್ಲ. ಮಾದಪ್ಪನ ಮೇಲೆ ಭಾರ ಹಾಕಿ ಒತ್ತೀನಿ" ಎಂದು ಕಣ್ಣು ಮುಚ್ಚಿ ಒತ್ತಿದರು. ನಮ್ಮ ಮನೆಯವರು, "ಆಯ್ತು, ಇನ್ನು ವೀಸಾ ಬಂದಂಗೇ. ಶೈಲಂಗೆ ಬೇರೆ ಏನಾದ್ರೂ ವ್ಯವಸ್ಥೆ ಮಾಡ್ಕೊ ಅಂತ ಹೇಳ್ಬುಡು" ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ತಿಳಿಯಲಿಲ್ಲ.

ಬೆರಳ ಗುರುತು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಬೇಕಿತ್ತು. ಅಲ್ಲಿ ಗಾಜಿನ ಮೇಲೆ ನಾಲ್ಕು ಬೆರಳಿಟ್ಟರೆ ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟರೂ ಕೆಂಪು. ಒತ್ತಿ ಇಟ್ಟರೂ ಕೆಂಪು. ಕೌಂಟರಿನ ಹುಡುಗಿ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹುಣಸೆಹಣ್ಣು, ಪಾತ್ರೆಯ ನಾರು, ಸಣ್ಣೀರುಳ್ಳಿಯ ಸಿಪ್ಪೆ, ಅರಿಶಿನ ಸೇರಿ ನನ್ನ ಬೆರಳ ತುದಿಗಳನ್ನು ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದವು. "ಗೆರೆನೇ ಇಲ್ವಲ್ಲ ಮೇಡಂ. ಅಂಥದ್ದೇನ್ ಕೆಲ್ಸ ಮಾಡ್ತೀರಾ?" ಎಂದಳು. ನಾನು ಅವಳ ಕಂಪ್ಯೂಟರಿನ ಕಡೆ ತೋರಿಸಿ, "ಅಲ್ಲೇ ಬರೆದಿದೆ ನೋಡಿ" ಎಂದೆ. ಅವಳು ನೋಡಿದಳು, ನನ್ನ ಕೈ ನೋಡಿದಳು, ಫಕ್ಕನೆ ನಕ್ಕಳು. "ನಮ್ಮಮ್ಮಂದೂ ಹಿಂಗೇ ಮೇಡಂ" ಎಂದು ತನ್ನ ಕ್ರೀಮು ತೆಗೆದು ಒಂದೊಂದೇ ಬೆರಳಿಗೆ ಸವರಿ, ಅರ್ಧ ಗಂಟೆ ತಾಳ್ಮೆಯಿಂದ ಹಸಿರು ದೀಪ ಬರಿಸಿದಳು.

ಹದಿನೇಳು ದಿನ ಕಾದ ಮೇಲೆ ಪಾಸ್‌ಪೋರ್ಟು ಬಂತು. ಒಳಗೆ ಆರು ತಿಂಗಳ ವೀಸಾ. ಶೈಲಾ ಫೋನಿನಲ್ಲಿ ಮತ್ತೆ ಅತ್ತಳು, ಈ ಸಲ ನಾನೂ ಜೊತೆಗೆ. ಅತ್ತೆ ಮಾತ್ರ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ದಿನ ಕೊಟ್ಟವ್ರೆ?" ಎಂದರು. ಆರು ತಿಂಗಳು ಎಂದೆ. "ಅವ್ರು ಎಷ್ಟಾರ ಕೊಡ್ಲಿ. ನಾ ಕೊಟ್ಟಿರಾದು ಮೂರು" ಎಂದರು.

ಇದನ್ನು ಬರೆಯುತ್ತಿರುವುದು ಶೈಲಾಳ ಮನೆಯಿಂದ. ಹೆಣ್ಣು ಮಗು. ನಾನು ನೀರು ಹಾಕುವಾಗ ಅದು ಕಿರುಚುವುದನ್ನು ಕೇಳಿ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಮೊದಲ ದಿನ ಓಡಿ ಬಂದಿದ್ದರು. ಈಗ ದಿನಾ ಅದೇ ಹೊತ್ತಿಗೆ ಬಂದು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಎಲ್ಲ ಚೆನ್ನಾಗಿದೆ. ಆದರೆ ನಿನ್ನೆ ಅತ್ತೆ ಫೋನ್ ಮಾಡಿದ್ದರು. "ತಂಗಿ ಇನ್ನೂ ಸುಧಾರಿಸ್ಕಳ್ಳಿ ಕಣವ್ವ, ಬೇಕಾದ್ರೆ ಇನ್ನೊಂದು ತಿಂಗ್ಳು ಇದ್ದು ಬಾ. ಇಲ್ಲೇನು ತೊಂದ್ರೆ ಇಲ್ಲ. ನಿನ್ ಗಂಡ ಸಾರು ಮಾಡಾದು ಕಲ್ತವ್ನೆ, ಉಪ್ಪು ಹದ್ವಾಗಿ ಹಾಕ್ತಾನೆ" ಎಂದರು. ಹಿಂದಿನಿಂದ ನಮ್ಮ ಮನೆಯವರು ಹಾಡಿಕೊಳ್ಳುತ್ತ ಪಾತ್ರೆ ಜೋಡಿಸುವ ಸದ್ದು ಕೇಳಿಸಿತು. ಒಳ್ಳೆಯದಾಯಿತು ಬಿಡಿ ಅತ್ತೆ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಬಿಜುವನ್ನು ಕರೆದು, ನನ್ನ ವಾಪಸು ಟಿಕೆಟನ್ನು ಒಂದು ವಾರ ಮುಂಚೆಗೆ ಮಾಡಿಸಲು ಆಗುತ್ತದೆಯೇ ನೋಡು ಎಂದೆ. ಯಾಕಕ್ಕ, ಏನಾಯ್ತು ಎಂದು ಅವನು ಗಾಬರಿಯಾದ. ಕೆಲಸ ಹೋಗುವ ಭಯ ನಿರುದ್ಯೋಗಿಗಳಿಗೂ ಇರುತ್ತದೆ ಎಂದು ಅವನಿಗೆ ಹೇಗೆ ಹೇಳಲಿ?