ಒಣಭಾವನ ಓಕುಳಿ ದಂಡಯಾತ್ರೆ

“ನಾಳೆ ಧನಗೆರೆಗೆ ಓಗೋನೇ! ಓಕುಳಿ ಆಡೋನೇ! ಆಡ್ಬುಟ್ಟು ಸಾಯಂಕಾಲಕ್ಕೆ ಮಲ್ಲಿಗೆ ಊವಿನಂಗೆ ವಾಪಸ್ ಬರೋನೇ!”

ಯಳಂದೂರಿನ ಒಂದು ಸರ್ಕಾರಿ ಕಚೇರಿಯ ಹೆಡ್ ಗುಮಾಸ್ತ ಶಿವರುದ್ರಸ್ವಾಮಿ ತನ್ನ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೀಗೆ ಘೋಷಿಸಿದಾಗ, ಒಳಗೆ ಮುದ್ದೆ ತಿರುವುತ್ತಿದ್ದ ಅವನ ಹೆಂಡತಿ ಗುರುಬಸಮ್ಮ ಕೋಲು ನಿಲ್ಲಿಸಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳನ್ನು ಆಕೆ ಬೇಕಾದಷ್ಟು ಕೇಳಿದ್ದಳು.

“ಮೊದ್ಲು ಒಸ್ಲು ಮೇಲಿಂದ ಇಳೀರಿ,” ಎಂದಳು. “ನಾಳಿದ್ದು ಬೆಳಿಗ್ಗೆ ಆಪೀಸಲ್ಲಿ ಪಟ ತೆಗೆಸ್ಕತೀನಿ ಅಂತಿದ್ರಲ್ಲ, ಅದೇನಾಯ್ತು?”

“ಅದೂ ಆಯ್ತದೆ, ಇದೂ ಆಯ್ತದೆ!”

ಈ ಪಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಚೇರಿಯ ಸಾಹೇಬರಿಗೆ ವರ್ಗವಾಗಿತ್ತು. ಬೀಳ್ಕೊಡುಗೆಗೆ ಒಂದು ಗ್ರೂಪ್ ಫೋಟೋ ಏರ್ಪಾಡಾಗಿತ್ತು. ಮುಂದಿನ ಸಾಲಿನಲ್ಲಿ ಏಳು ಕುರ್ಚಿ. ಆ ಏಳರಲ್ಲಿ ಒಂದು, ಅದೂ ಸಾಹೇಬರ ಎಡಪಕ್ಕದ್ದು, ಈ ಸಲ ಶಿವರುದ್ರಸ್ವಾಮಿಗೆ! ಅವನ ಸರ್ವಿಸ್ಸಿನಲ್ಲಿ ಈ ಮೊದಲು ಮೂರು ಗ್ರೂಪ್ ಫೋಟೋಗಳಾಗಿದ್ದವು. ಮೊದಲನೆಯದರಲ್ಲಿ ಹಿಂದಿನ ಸಾಲಿನಲ್ಲಿ, ಎತ್ತರದ ಜವಾನನ ಮರೆಗೆ ಸಿಕ್ಕಿ, ಅವನ ಬಲಗಿವಿ ಮಾತ್ರ ಬಿದ್ದಿತ್ತು. ಎರಡನೆಯದರಲ್ಲಿ ಸರಿಯಾದ ಗಳಿಗೆಗೆ ಸೀನು ಬಂದು ಮೂತಿಯೆಲ್ಲ ಅಲುಗಾಡಿ ಹೋಗಿತ್ತು. ಮೂರನೆಯದರಲ್ಲಿ ಬಿಸಿಲು ಜಾಸ್ತಿಯೆಂದು ಫೋಟೋಗ್ರಾಫರನಿಗೆ ಕೊಡೆ ಹಿಡಿಯಲು ನಿಂತವನು ಪಟದೊಳಕ್ಕೆ ಬರಲೇ ಇಲ್ಲ! ಈಗ ಕುರ್ಚಿ ಒಲಿದು ಬಂದಿತ್ತು. ಪಟಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಬೇಕು, ಬಂದವರೆಲ್ಲ ನೋಡಬೇಕು ಎಂಬುದು ಅವನ ಆಸೆ. ಆ ಆಸೆಗಾಗಿ ಎರಡು ವಾರದ ಹಿಂದೆಯೇ ಗೋಡೆಗೆ ಮೊಳೆ ಹೊಡೆದಿಟ್ಟಿದ್ದ.

ಹಾಗಿದ್ದ ಮೇಲೆ ಓಕುಳಿಯ ಗೊಡವೆ ಏಕೆ? ಅದಕ್ಕೆ ಕಾರಣ ಧನಗೆರೆಯವರ ನಾಲಿಗೆ! ಹೆಂಡತಿಯ ತವರೂರಾದ ಧನಗೆರೆಯಲ್ಲಿ ಕಾಮನನ್ನು ಸುಟ್ಟ ಮಾರನೆಯ ದಿನ ಅಳಿಯಂದಿರಿಗೆ ಓಕುಳಿಯ ಮರ್ಯಾದೆ. ಬಟ್ಟೆ ಕೆಡುತ್ತದೆಂದು ಹೆದರಿ ಈ ಅಳಿಯ ಹದಿನೆಂಟು ವರ್ಷವೂ ಆ ದಿನಕ್ಕೆ ಸರಿಯಾಗಿ ಕಚೇರಿಯ ಕೆಲಸ ಹುಡುಕಿಕೊಂಡಿದ್ದ. ಗುರುಬಸಮ್ಮ ಪ್ರತಿ ವರ್ಷ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಊರಿನವರು ಅವನಿಗೆ ‘ಒಣಭಾವ’ ಎಂದು ಹೆಸರಿಟ್ಟಿದ್ದರು. ಹೋದ ತಿಂಗಳು ಮದುವೆಯೊಂದರಲ್ಲಿ ಯಾರೋ ಮುದುಕಿ ನಾಲ್ಕು ಜನರ ಎದುರಿಗೇ, “ಒಣಭಾವ್ನಿಗೆ ಇನ್ನೊಂಚೂರು ಸಾರು ಬುಡ್ರವ್ವ, ಒಣುಗ್ಹೋಗವ್ನೆ” ಎಂದುಬಿಟ್ಟಿದ್ದಳು. ಅದು ಎದೆಗೆ ನಾಟಿತ್ತು.

ಅವನ ಧೈರ್ಯಕ್ಕೆ ಇನ್ನೊಂದು ಗುಟ್ಟೂ ಇತ್ತು. ಪಕ್ಕದ ಮನೆಯ ಬಾಣಂತಿಗೆ ಎತ್ತಿದ ಆರತಿಯ ಕೆಂಪು ನೀರಿನ ತಟ್ಟೆಗೆ ಹುಣಿಸೆಹಣ್ಣಿನ ರಸ ಚೆಲ್ಲಿ, ಕೆಂಪೆಲ್ಲ ಕಣ್ಣೆದುರಿಗೇ ಹಳದಿಯಾದದ್ದನ್ನು ಅವನು ಕಂಡುಹಿಡಿದಿದ್ದ! ಆರತಿಯಾದರೇನು, ಓಕುಳಿಯಾದರೇನು, ಎರಡೂ ಅರಿಶಿನ ಸುಣ್ಣದ ನೀರೇ. ಹುಳಿ ಹಾಕಿದರೆ ಕೆಂಪು ಮಾಯ, ಸೋಪು ಹಾಕಿದರೆ ಹಳದಿಯೂ ಮಾಯ. ಗುರುಬಸಮ್ಮನ ಹೊಸ ಟವೆಲ್ಲಿನ ಮೇಲೆ ಪ್ರಯೋಗವನ್ನೂ ಮಾಡಿ ಮುಗಿಸಿದ್ದ.

“ಇದ್ನ ಸೈನ್ಸು ಅಂತಾರೆ ಕಣೆ!”

“ಟವೆಲ್ ತಕ್ಕೊಡಿ ಅಂತೀನಿ ನಾನು.”

ಬೈದಳೇ ಹೊರತು ಗುರುಬಸಮ್ಮನಿಗೆ ಒಳಗೊಳಗೇ ಸಂತೋಷವಾಗಿತ್ತು. ಬೆಳಗಾಗುವ ಮೊದಲೇ ಎದ್ದು ತಲೆ ಬಾಚಿ ಹೂ ಮುಡಿದು ಸಿದ್ಧಳಾಗಿ ಕೂತಿದ್ದಳು.

ಬೆಳಗಿನ ಬಸ್ಸಿನಲ್ಲಿ ಗಂಡಹೆಂಡಿರು ಕೊಳ್ಳೇಗಾಲದಲ್ಲಿ ಇಳಿದು ಅಲ್ಲಿಂದ ಗಾಡಿ ಹಿಡಿದರು. ಗಾಡಿಯಲ್ಲಿ ಗುರುಬಸಮ್ಮ ಚೀಲ ಬಿಚ್ಚಿ ನೋಡಿದರೆ, ಅರ್ಧ ಸೇರು ಹುಣಿಸೆಹಣ್ಣು, ಆರು ನಿಂಬೆಹಣ್ಣು!

“ನಾವು ಓಕುಳಿಗೆ ಓಯ್ತಾ ಇದ್ದೀವೋ, ಸಾರು ಮಾಡಕ್ಕೋ?”

“ಮುಚ್ಚು ಚೀಲ! ಯಾರ್ಗೂ ಏಳ್ಬ್ಯಾಡ. ಇದು ನಮ್ಮ ಮದ್ದುಗುಂಡು.”

ಧನಗೆರೆಯ ಮನೆಯಂಗಳದಲ್ಲಿ ಎರಡು ಕೊಪ್ಪರಿಗೆ ತುಂಬ ಕೆಂಪು ನೀರು ತಳತಳ ಎನ್ನುತ್ತಿತ್ತು. ಒಣಭಾವನನ್ನು ಕಂಡು ಇಡೀ ಮನೆ ಬಾಯಿ ತೆರೆದು ನಿಂತಿತು. ಅತ್ತೆ ಬಸವಮ್ಮನಿಗಂತೂ ಕಣ್ಣಲ್ಲಿ ನೀರೇ ಬಂತು. ನಾದಿನಿ ಶಿವರತ್ನಮ್ಮ, ಅಂದರೆ ಗುರುಬಸಮ್ಮನ ತಂಗಿ, ಸೆರಗು ಸಿಕ್ಕಿಸಿ ಚೊಂಬು ಹಿಡಿದು ಮುಂದೆ ಬಂದವಳು, ಪಾಪ, ಮೊದಲನೆಯ ಸಲವೆಂದು ಅವನ ಕಾಲಿನ ಮೇಲೆ ಮಾತ್ರ ಒಂದು ಹನಿ ಚೆಲ್ಲಿ ಸಂಕೋಚದಿಂದ ನಿಂತಳು.

“ಇಷ್ಟೇನಾ? ಧನಗೆರೆಯವರ ಶೌರ್ಯ ಇಷ್ಟೇನಾ?” ಶಿವರುದ್ರಸ್ವಾಮಿ ಅಂಗಳದ ನಡುವಿನ ಒನಕೆಗುಂಡಿಯ ಪಕ್ಕ ಎದೆ ಸೆಟೆಸಿ ನಿಂತ. “ಎಲ್ಲಿ, ಮುಖಕ್ಕೆ ಉಯ್ಯಿ! ಕೊಪ್ಪರಿಗೇನೇ ತತ್ತಾ!”

ಕೇಳಿದ ಮೇಲೆ ಬಿಡುವವರೇ? ನಾದಿನಿ ಹೊಯ್ದಳು, ನಾದಿನಿಯ ಗೆಳತಿಯರು ಹೊಯ್ದರು, ಪಕ್ಕದ ಮನೆಯವರು ಗೋಡೆ ಮೇಲಿಂದ ಹೊಯ್ದರು. ಹದಿನೆಂಟು ವರ್ಷದ ಬಾಕಿಯೆಲ್ಲ ಒಂದೇ ಗಂಟೆಯಲ್ಲಿ ತೀರಿತು. ಅವನೂ ಚೊಂಬು ಕಸಿದುಕೊಂಡು ಸಿಕ್ಕವರಿಗೆಲ್ಲ ಎರಚಿದ. ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗಿ ಹಿತ್ತಲಲ್ಲಿ ಹಿಡಿದು ಹೊಯ್ದ. ಆಕೆ ಮದುವೆಯಾದ ವರ್ಷದವಳ ಹಾಗೆ ಕಿರುಚಿ ನಕ್ಕಳು. ಆ ನಗು ಕೇಳಿ, ಛೆ, ಇಷ್ಟು ವರ್ಷ ಕಚೇರಿಯ ಫೈಲಿನಲ್ಲಿ ಮೂಗು ತೂರಿಸಿ ಕೂತೆನಲ್ಲ ಎಂದು ಅವನಿಗೆ ನಿಜವಾಗಿಯೂ ಪಶ್ಚಾತ್ತಾಪವಾಯಿತು.

ಬಿಸಿಲೇರುವ ಹೊತ್ತಿಗೆ ಆಟ ಮುಗಿಯಿತು. ಬಾಮೈದ ಪುಟ್ಟಮಾದಪ್ಪ ತಲೆಯಿಂದ ಕೆಂಪು ಇಳಿಸಿಕೊಳ್ಳುತ್ತ, “ಭಾವ, ಬಾವಿ ತಾವ ಬನ್ನಿ. ನಾಕು ಕೊಡ ತಣ್ಣೀರು ಉಯ್ಕಂಡ್ರೆ ಓಯ್ತದೆ” ಎಂದ.

“ನಂಗೆ ಏಳ್ಕೊಡ್ತೀಯೇನ್ಲಾ?” ಶಿವರುದ್ರಸ್ವಾಮಿ ಚೀಲ ಎತ್ತಿಕೊಂಡ. “ನೀವು ತಣ್ಣೀರ್ನಲ್ಲಿ ಒದ್ದಾಡ್ಕಳಿ. ಹಂಡೆ ಕಾಯ್ಸಿ, ನಂಗೆ ಬಿಸಿನೀರು ಬೇಕು!”

ಬಚ್ಚಲ ಬಾಗಿಲಿಗೆ ಅಗಳಿ ಬಿತ್ತು. ಅರ್ಧ ಸೇರು ಹುಣಿಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ ಮುಖ, ಕತ್ತು, ಕಿವಿಯ ಸಂದಿ ಎಲ್ಲ ಕಡೆಯೂ ಮೆತ್ತಿಕೊಂಡ. ಚೆನ್ನಾಗಿ ನೆನೆಯಲಿ ಎಂದು ನೂರರವರೆಗೆ ಎಣಿಸಿದ. ತೊಳೆದು ಹಂಡೆಯ ನೀರಿನಲ್ಲಿ ಮುಖ ನೋಡಿಕೊಂಡರೆ, ಹಳದಿಯಾಗಬೇಕಾದ ಕೆಂಪು ಇನ್ನಷ್ಟು ಕೆಂಪಾಗಿತ್ತು! ಹುಳಿ ಸಾಲದೇನೋ ಎಂದು ಆರು ನಿಂಬೆಹಣ್ಣನ್ನೂ ಹಿಂಡಿ ಉಜ್ಜಿದ. ಕೆಂಪಿಗೆ ಹೊಳಪು ಬಂತು. ಬಾಗಿಲ ಸಂದಿಯಿಂದ ಕೂಗಿದ.

“ಅತ್ತೆ! ಹುಳಿ ಮಜ್ಜಿಗೆ ಅದಾ? ಚೆನ್ನಾಗಿ ಹುಳಿ ಬಂದಿರಾದು! ಇನ್ನೊಂದು ಹಂಡೆ ಬಿಸಿನೀರೂ ಬೇಕು!”

ಅಳಿಯ ಕೇಳಿದ ಮೇಲೆ ಇಲ್ಲವೆನ್ನಲಾದೀತೇ? ಬಸವಮ್ಮ ಮೂರು ದಿನದ ಮಜ್ಜಿಗೆಯನ್ನು ಗಡಿಗೆಯ ಸಮೇತ ಕೊಟ್ಟಳು. ಅದೂ ಮುಗಿಯಿತು. ಒಂದೂವರೆ ಗಂಟೆಯ ಮೇಲೆ ಬಾಗಿಲು ತೆರೆದು ಹೊರಬಂದವನನ್ನು ಕಂಡು ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಹಿತ್ತಲಿಗೆ ಹೋಯಿತು. ಜಗಲಿಯಲ್ಲಿ ಒಬ್ಬಟ್ಟು ತಿನ್ನುತ್ತ ಕೂತ ಮನೆಯವರೆಲ್ಲರ ಮೈಯೂ ತೊಳೆದ ತಟ್ಟೆಯ ಹಾಗೆ ಶುಭ್ರವಾಗಿತ್ತು. ಗುರುಬಸಮ್ಮನ ಕೈಯಲ್ಲಿ ಕೆಂಪಿನ ಗುರುತೇ ಇರಲಿಲ್ಲ.

ಪುಟ್ಟಮಾದಪ್ಪ ಎದ್ದು ನಿಂತ. “ಭಾವ, ಮೈಗೆ ಏನ್ ಹಚ್ಕಂಡ್ರಿ?”

“ಹುಣಿಸೆಹಣ್ಣು... ನಿಂಬೆಹಣ್ಣು... ಮಜ್ಜಿಗೆ...”

“ಬಿಸಿನೀರ್ನಲ್ಲಾ?”

“ಊಂ.”

ಪುಟ್ಟಮಾದಪ್ಪ ತಲೆ ಮೇಲೆ ಕೈ ಇಟ್ಟುಕೊಂಡು ಕುಸಿದು ಕುಳಿತ. ಅವನಿಗೆ ಕೊಳ್ಳೇಗಾಲದಲ್ಲಿ ರೇಷ್ಮೆನೂಲಿಗೆ ಬಣ್ಣ ಕಟ್ಟುವ ಕೆಲಸ. ಈ ವರ್ಷ ಅರಿಶಿನ ಕುಟ್ಟುವವರು ಯಾರೆಂದು, ಧಾರೆ ಸೀರೆಯ ನೂಲಿಗೆ ಹಾಕುವ ಕೆಂಪು ಪುಡಿಯನ್ನೇ ಒಂದು ಪೊಟ್ಟಣ ತಂದು ಕೊಪ್ಪರಿಗೆಗೆ ಕದಡಿದ್ದ.

“ಅಯ್ಯೋ ಭಾವ! ಬರೀ ತಣ್ಣೀರ್ನಲ್ಲಾದ್ರೆ ಓಗ್ಬುಡಾದು. ಅದು ರೇಷ್ಮೆಗೆ ಕಚ್ಚಾದೇ ಬಿಸಿನೀರು, ಹುಳಿ ಎರಡೂ ಸೇರಿದ್ರೆ! ನಾವು ಕಾರ್ಖಾನೇಲಿ ಮಾಡದ್ನ ನೀವು ಬಚ್ಚಲಲ್ಲಿ ಮಾಡ್ಕಂಡಿದ್ದೀರಿ!”

“ಓಗಕ್ಕೆ ಎಷ್ಟು ದಿನ ಬೇಕ್ಲಾ?”

ಪುಟ್ಟಮಾದಪ್ಪ ಭಾವನ ಕೆನ್ನೆಯನ್ನು ಕಸುಬುದಾರನ ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. “ಒಂಚೂರೂ ಬುಟ್ಟಿಲ್ಲ. ಬೋ ಚೆನ್ನಾಗಿ ಕಟ್ಟದೆ ಭಾವ. ನಮ್ ಮೇಸ್ತ್ರಿಗೂ ಇಂಗೆ ಬರಾಕಿಲ್ಲ. ಚರ್ಮ ಉದುರಿ ಒಸ ಚರ್ಮ ಬರಬೇಕು, ಎರಡು ವಾರ.”

ಎರಡು ವಾರ! ಕುರ್ಚಿ ಇದ್ದದ್ದು ನಾಳೆ ಹತ್ತು ಗಂಟೆಗೆ! ಶಿವರುದ್ರಸ್ವಾಮಿ ಒಬ್ಬಟ್ಟು ಮುಟ್ಟಲಿಲ್ಲ.

ಸಂಜೆಯ ಬಸ್ಸಿನಲ್ಲಿ ಗುರುಬಸಮ್ಮ ಮುಂದಿನ ಸೀಟಿನಲ್ಲಿ ಹೆಂಗಸರ ಜೊತೆ ಕೂತು ಕಿಟಕಿಯ ಹೊರಗೆ ನೋಡತೊಡಗಿದಳು. ಹಿಂದೆ ಟವೆಲ್ ಮುಸುಕು ಹಾಕಿಕೊಂಡು ಕೂತವನ ಪಕ್ಕದ ಅಜ್ಜಿಯೊಬ್ಬಳು ಬಹಳ ಹೊತ್ತು ಇಣುಕಿ ನೋಡಿ ಕೇಳಿದಳು.

“ಯಾವ ಪಾಲ್ಟು ಸಾ? ರಾವಣಂದಾ?”

“ಅಲ್ಲ ಕಣಜ್ಜಿ.”

“ಬಣ್ಣ ಬೋ ಚೆಂದಾಗಿ ಆಕವ್ರೆ. ನಾಟ್ಕ ಎಲ್ಲಿ ಸಾ?”

“ನಾಳೆ ಬೆಳಿಗ್ಗೆ, ನಮ್ ಆಪೀಸಲ್ಲಿ!” ಎಂದು ಶಿವರುದ್ರಸ್ವಾಮಿ ರೇಗಿ ಮುಸುಕು ಎಳೆದುಕೊಂಡ. ಅಜ್ಜಿ ಅದನ್ನು ನಂಬಿ, ಇಳಿಯುವಾಗ ಆಪೀಸಿನ ದಾರಿ ಕೇಳಿಕೊಂಡೇ ಹೋದಳು.

ಮನೆಯಲ್ಲಿ ಗುರುಬಸಮ್ಮ ಕೊಬ್ಬರಿ ಎಣ್ಣೆ ಹಚ್ಚಿ ನೋಡಿದಳು, ಕಡಲೆಹಿಟ್ಟು ಹಚ್ಚಿ ನೋಡಿದಳು, ಕೊನೆಗೆ ಒಂದು ಡಬ್ಬಿ ಪೌಡರ್ ಸುರಿದಳು. ಬೆವರಿದ ಕೂಡಲೇ ಪೌಡರಿನೊಳಗಿಂದ ಕೆಂಪು ಇಣುಕಿತು.

“ಓಗ್ಬ್ಯಾಡಿ. ಜ್ವರ ಅಂತ ಚೀಟಿ ಬರ್ದು ಕಳ್ಸಿ.”

“ಕುರ್ಚಿ ಕಣೆ! ಖಾಲಿ ಬುಟ್ರೆ ಇನ್ಯಾವನೋ ಕೂತ್ಕತಾನೆ!” ಗುರುಬಸಮ್ಮ ಕರಿ ಕೋಟಿಗೆ ಇಸ್ತ್ರಿ ಹಾಕಿದಳು, ಜರಿ ಪೇಟವನ್ನು ಕೊಡವಿ, ಹಬ್ಬಕ್ಕೆಂದು ಇಟ್ಟಿದ್ದ ಕೈಕೋಲಿನ ಜೊತೆ ಕೊಟ್ಟಳು.

ಮಾರನೆಯ ಬೆಳಿಗ್ಗೆ ಅವನು ಕಚೇರಿಯ ಅಂಗಳದಲ್ಲಿ ಕಾಲಿಟ್ಟ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನ್ರೀ ಶಿವರುದ್ರಸ್ವಾಮಿ ಇದು?”

“ಓಕುಳಿ ಸಾರ್. ಮಾವನ ಮನೆ.”

ಸಾಹೇಬರು ಒಳ್ಳೆಯವರು. ನಗು ನುಂಗಿಕೊಂಡು, “ಮಾವನ ಮನೆ ಮರ್ಯಾದೆ ಅಂದ ಮೇಲೆ ಏನು ಮಾಡೋಕಾಗುತ್ತೆ? ಬನ್ನಿ, ನಿಮ್ಮ ಕುರ್ಚಿ ಕಾಯ್ತಾ ಇದೆ” ಎಂದರು. ಆದರೂ ಶಿವರುದ್ರಸ್ವಾಮಿ ಹಿಂಜರಿದ. ಮೂರು ಕಾಲಿನ ಪೆಟ್ಟಿಗೆ ಕ್ಯಾಮೆರಾದ ಕರಿ ಬಟ್ಟೆಯಿಂದ ಫೋಟೋಗ್ರಾಫರ್ ಮುತ್ತಯ್ಯ ತಲೆ ಹೊರಗೆ ಹಾಕಿದ.

“ಯಾಕ್ ಸಾ ಎದುರ್ಕತೀರಿ? ಇದೇನು ಕಲರ್ ಪಟವಾ? ಕಪ್ಪು ಬಿಳುಪು! ಕೆಂಪು, ಅಸುರು ಯಾವ್ದೂ ಬೀಳಾಕಿಲ್ಲ. ಧೈರ್ಯವಾಗಿ ಕೂತ್ಕಳಿ!”

ಹೌದಲ್ಲ! ಶಿವರುದ್ರಸ್ವಾಮಿಗೆ ಹೋದ ಜೀವ ಬಂದಂತಾಯಿತು. ಕಪ್ಪು ಬಿಳುಪಿನಲ್ಲಿ ಕೆಂಪು ಎಲ್ಲಿಂದ ಬರಬೇಕು! ಕುರ್ಚಿಯ ಮೇಲೆ ಸಿಂಹಾಸನ ಏರಿದವನಂತೆ ಕೂತ, ಕಾಲ ಮೇಲೆ ಕಾಲು ಹಾಕಿದ, ಕೋಲನ್ನು ಮಂಡಿಗೆ ಆನಿಸಿದ, ಗದ್ದ ಎತ್ತಿದ. ಸೀನು ಬರಲಿಲ್ಲ. ಯಾರೂ ಅಡ್ಡ ನಿಲ್ಲಲಿಲ್ಲ. ಮುತ್ತಯ್ಯ ಕ್ಯಾಮೆರಾದ ಮುಚ್ಚಳ ತೆಗೆದು, ಮೂರು ಎಣಿಸಿ, ಹಾಕಿದ.

ಮೂರು ವಾರದ ಮೇಲೆ ಪಟ ಬಂತು. ಅಷ್ಟರಲ್ಲಿ ಮುಖದ ಬಣ್ಣ ಬಿಟ್ಟು ಹೊಸ ಚರ್ಮವೂ ಬಂದಿತ್ತು. ಗಂಡಹೆಂಡತಿ ಇಬ್ಬರೂ ಪಡಸಾಲೆಯ ಬೆಳಕಿನಲ್ಲಿ ಕೂತು ಕಾಗದ ಬಿಚ್ಚಿದರು. ಸಾಹೇಬರು ನಗುತ್ತಿದ್ದರು. ಹಿಂದಿನ ಸಾಲಿನ ಜವಾನನ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಸಾಹೇಬರ ಎಡಪಕ್ಕದಲ್ಲಿ ಜರಿ ಪೇಟ ಇತ್ತು, ಕೋಟಿನ ಗುಂಡಿಗಳಿದ್ದವು, ಮಂಡಿಗೆ ಆನಿಸಿದ ಕೋಲಿತ್ತು. ಪೇಟಕ್ಕೂ ಕಾಲರಿಗೂ ನಡುವೆ, ಕೆಳಗಿನ ಕರಿ ಕೋಟಿಗಿಂತ ಒಂದು ಬಣ್ಣ ಹೆಚ್ಚಾಗಿಯೇ, ಕಗ್ಗತ್ತಲೆ ಇತ್ತು!

ಪಟ ತಂದುಕೊಟ್ಟು ಬಾಗಿಲಲ್ಲೇ ನಿಂತಿದ್ದ ಮುತ್ತಯ್ಯ ತಲೆ ಕೆರೆದುಕೊಂಡ. “ನಂಗೆ ಆಮೇಲೆ ಒಳೀತು ಸಾ. ನನ್ ಕ್ಯಾಮೆರಾದ ಅಳೇ ಗಾಜಿನ ಪ್ಲೇಟಿಗೆ ಕೆಂಪು ಕಾಣಾಕಿಲ್ಲ, ಕಪ್ಪೇ ಆಗ್ಬುಡ್ತದೆ. ಅದಕ್ಕೇ ಅಲ್ವಾ ಪಟ ತೊಳೆಯೋ ಕತ್ಲೆ ಕ್ವಾಣೇಲಿ ನಾವು ಕೆಂಪು ದೀಪ ಅಚ್ಕಳಾದು” ಎಂದು ಹೇಳಿ, ಇನ್ನೇನಾದರೂ ಕೇಳಿಯಾರೆಂದು ಬೇಗ ಬೇಗ ಹೊರಟುಹೋದ.

ಶಿವರುದ್ರಸ್ವಾಮಿ ಪಟವನ್ನು ಹೆಂಡತಿಯ ಕೈಗೆ ಕೊಟ್ಟು ತಲೆ ತಗ್ಗಿಸಿ ಕೂತ. ಗುರುಬಸಮ್ಮ ಅದನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ನಕ್ಕರೆ ಗಂಡ ನೊಂದುಕೊಂಡಾನೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು, ಏನಾದರೊಂದು ಒಳ್ಳೆಯ ಮಾತು ಹೇಳಬೇಕೆಂದು ಬಹಳ ಹುಡುಕಿ, ಕೊನೆಗೂ ಹೇಳಿದಳು.

“ಬ್ಯಾಸರ ಮಾಡ್ಕಬ್ಯಾಡಿ ಸುಮ್ಕಿರಿ. ಕುರ್ಚಿ ಬೋ ಪಸಂದಾಗಿ ಬಂದದೆ!”