ಅಮೀನಸಾಬನ ನಾಡಿ ಮತ್ತು ಅಳಿಯ ತಂದ ಯಂತ್ರ

ವೈದ್ಯವಿಜ್ಞಾನದ ಮುನ್ನಡೆಗೆ ಎಲ್ಲ ಕಾಲದಲ್ಲೂ ಅಡ್ಡ ನಿಂತಿರುವುದು ಜನರ ಅಜ್ಞಾನವೆಂದು ಬಲ್ಲವರು ಹೇಳುತ್ತಾರೆ. ಯರಗಟ್ಟಿಯ ನನ್ನ ದವಾಖಾನೆಯ ಮಟ್ಟಿಗೆ ಅಡ್ಡ ನಿಂತವನು ಎಂ.ಬಿ.ಬಿ.ಎಸ್. ಓದಿದ ನಾನೇ.

ಎದೆಬಡಿತದ ಗೆರೆ ಎಳೆದು, ಯಾರೂ ಕೇಳದಿದ್ದರೂ ತನ್ನ ಅಭಿಪ್ರಾಯವನ್ನೂ ಹೇಳುವ ಕೃತಕ ಬುದ್ಧಿಮತ್ತೆಯ ಯಂತ್ರವೊಂದನ್ನು ಅಳಿಯ ತಂದುಕೊಟ್ಟಿದ್ದ. ಅಳಿಯನ ಬುದ್ಧಿಯ ಮೇಲೆಯೇ ಪೂರ್ತಿ ಭರವಸೆಯಿಲ್ಲದ ನನಗೆ ಅವನು ತಂದ ಬುದ್ಧಿಯ ಮೇಲೆ ಎಲ್ಲಿಂದ ಬರಬೇಕು? ಆದರೂ ಅಳಿಯ ತಂದದ್ದು. ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಯಾರಿಗೂ ಉಪಯೋಗವಾಗದಂತೆ ಟವೆಲ್ ಹೊದಿಸಿದ್ದೆ. ನರ್ಸ್ ಶಕುಂತಲಾ ಮಾತ್ರ ದಿನಾ ಟವೆಲ್ ತೆಗೆದು ಅದನ್ನು ಒರೆಸುತ್ತಿದ್ದಳು.

ಒಂದು ಮುಂಜಾನೆ ಟೆಂಪೊ ಓಡಿಸುವ ಅಮೀನಸಾಬ ಹೆಂಡತಿ ಹುಸೇನಬಿಯೊಂದಿಗೆ ಬಂದ. "ಗೇರ್ ಹಾಕಿ ಹಾಕಿ ಎಡಗೈ ಜಗ್ಗಾಕ್ಹತ್ತೇತ್ರಿ ಸಾಹೇಬ್ರ. ಎದ್ಯಾಗ ಬರೇ ಗ್ಯಾಸು" ಎಂದ. ರೋಗವನ್ನೂ ಕಾರಣವನ್ನೂ ರೋಗಿಯೇ ಹೇಳಿದ ಮೇಲೆ ವೈದ್ಯನಿಗೆ ಉಳಿಯುವುದು ಸಹಿ ಹಾಕುವ ಕೆಲಸ. ನಾನು ಪೆನ್ನು ತೆಗೆಯುವಷ್ಟರಲ್ಲಿ ಶಕುಂತಲಾ ಅವನ ಎದೆಗೆ ತಂತಿ ಅಂಟಿಸಿಯಾಗಿತ್ತು. ಯಂತ್ರ ಕೆಂಪಗಾಯಿತು: ಹೃದಯಾಘಾತದ ಲಕ್ಷಣ, ತಕ್ಷಣ ದೊಡ್ಡ ಆಸ್ಪತ್ರೆಗೆ ಕಳಿಸಿ.

"ಅದಕ್ಕೇನು ಗೊತ್ತು ಗೇರಿನ ಸುದ್ದಿ?" ಎಂದೆ.

"ಗ್ಯಾಸಿಗೆ ಗೆರಿ ಹಿಂಗ ಗುಡ್ಡ ಏರಂಗಿಲ್ರಿ ಸರ್. ಚಸ್ಮಾ ಹಾಕ್ಕೊಂಡು ನೋಡ್ರಿ" ಎಂದಳು ಶಕುಂತಲಾ.

ಹಾಕಿಕೊಂಡೆ. ಗುಡ್ಡ ನನಗೂ ಕಂಡಿತು. ಮಾತ್ರೆ ಅಗಿಯಲು ಕೊಟ್ಟು, ಆಂಬ್ಯುಲೆನ್ಸಿಗೆ ಫೋನ್ ಮಾಡಿಸಿ, ಬೆಳಗಾವಿಗೆ ಹೋಗಬೇಕೆಂದೆ.

ಅಮೀನಸಾಬ ಮಿಸುಕಲಿಲ್ಲ. "ಈ ಡಬ್ಬಿ ಮಾತು ಕೇಳಿ ನಾ ಹೋಗಾಂವಲ್ರಿ. ನೀವರ ಏನ್ ನೋಡೀರಿ? ಆಗಿಂದ ಅದರ ಮಾರೀನ ನೋಡಾಕ್ಹತ್ತೀರಿ. ನನ್ನ ಕೈ ಸೈತ ಹಿಡದಿಲ್ಲ."

ಇಲ್ಲಿ ವಾದಕ್ಕೆ ಹೊತ್ತಿರಲಿಲ್ಲ. ಅವನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದೆ. ಯಂತ್ರ ಹೇಳಿದ್ದನ್ನೇ ಮನಸ್ಸಿನಲ್ಲಿ ಓದಿಕೊಂಡು, ಮೂರು ಬಾರಿ ತಲೆಯಾಡಿಸಿ, ನಿಟ್ಟುಸಿರು ಬಿಟ್ಟೆ. "ನಾಡಿ ಸರಿಯಿಲ್ಲ ಅಮೀನಸಾಬ. ಎದ್ದೇಳು."

"ಹಂಗ ಹೇಳ್ರಿ ಮತ್ತ!" ಎಂದವನೇ ಟೆಂಪೊದ ಚಾವಿ ತೆಗೆದ. ತಾನೇ ಓಡಿಸಿಕೊಂಡು ಹೋಗುವವನಿದ್ದ.

ಹುಸೇನಬಿ ಚಾವಿ ಕಸಿದುಕೊಂಡಳು. "ಊರ ಮಂದೀನೆಲ್ಲಾ ಹೊತ್ತೊಯ್ದಿ. ಇವತ್ತೊಂದಿನ ಮಂದಿ ಗಾಡ್ಯಾಗ ನೀ ಮಲಕೋ."

ಬೆಳಗಾವಿಯಲ್ಲಿ ಮುಚ್ಚಿದ್ದ ರಕ್ತನಾಳವನ್ನು ತೆರೆದರು. ಎರಡು ವಾರದಲ್ಲಿ ಅಮೀನಸಾಬ ಚಹಾದಂಗಡಿಯಲ್ಲಿ ಕುಳಿತು, ಸಾಹೇಬರು ಬರೀ ಕೈ ಮುಟ್ಟಿ ಎದೆಯ ರೋಗ ಹಿಡಿದ ಕಥೆಯನ್ನು ಹೇಳತೊಡಗಿದ್ದ. ಅದರಲ್ಲಿ ಯಂತ್ರದ ಪಾತ್ರವೇ ಇರಲಿಲ್ಲ. ತಿದ್ದಬೇಕೆಂದು ನಾನು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಯಾರೋ ಚಹಾ ಕೊಟ್ಟರು. ಶಕುಂತಲಾ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಈಗ ಮನೋಳಿಯಿಂದಲೂ ಜನ ಬರುತ್ತಾರೆ. ತಂತಿ ಅಂಟಿಸಲು ಹೋದರೆ ಬೇಡವೆನ್ನುತ್ತಾರೆ, ಕೈ ಚಾಚುತ್ತಾರೆ. ನಾನು ನಾಡಿ ಹಿಡಿದ ಮೇಲೆ ಶಕುಂತಲಾ ಎದೆಗೆ ತಂತಿ ಅಂಟಿಸಿದರೆ ಯಾರೂ ಬೇಡವೆನ್ನುವುದಿಲ್ಲ; ನಾನು ಗೆರೆ ನೋಡಿ ತಲೆಯಾಡಿಸುತ್ತೇನೆ.