ತಲೆ ತಗ್ಗಿಸಿದ ಎಸಿ ಕಿಂಡಿ

ಕಾರಿಗೆ ದೊಡ್ಡ ಕಾಯಿಲೆ ಬಂದರೆ ಮನುಷ್ಯ ನೆಮ್ಮದಿಯಾಗಿರಬಹುದು. ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ, ಟೈರು ಹೋದರೆ ಪಂಚರ್ ಅಂಗಡಿ ಇದೆ, ಜೊತೆಗೆ ಅಕ್ಕಪಕ್ಕದವರ ಮರುಕವೂ ಸಿಗುತ್ತದೆ. ಕಷ್ಟವೆಲ್ಲ ಸಣ್ಣ ಕಾಯಿಲೆಗಳದ್ದು. ‘ನಮ್ಮ ಕಾರಿನ ಎಸಿ ಕಿಂಡಿಯ ಪಟ್ಟಿಗಳು ಸಡಿಲವಾಗಿವೆ’ ಎಂದು ಯಾರಿಗಾದರೂ ಹೇಳಿ ನೋಡಿ, ನಿಮಗೆ ಬೇರೆ ಕೆಲಸವಿಲ್ಲವೇ ಎಂಬಂತೆ ನೋಡುತ್ತಾರೆ. ನನಗೋ ಇಂಥದ್ದು ಸಿಕ್ಕರೆ ಊಟ ಸೇರುವುದಿಲ್ಲ. ಯಾಕೆ ಹೀಗಾಯಿತು ಎಂದು ಬಿಚ್ಚಿ ನೋಡಲೇಬೇಕು. ಈ ಕುತೂಹಲದ ದೆಸೆಯಿಂದ ನಮ್ಮ ಮನೆಯ ಗೋಡೆ ಗಡಿಯಾರ ಈಗ ಅಟ್ಟದ ಮೇಲೆ ಒಂದು ಡಬ್ಬದಲ್ಲಿದೆ, ಅದರ ಮುಳ್ಳುಗಳು ಇನ್ನೊಂದು ಡಬ್ಬದಲ್ಲಿವೆ.

ಕೆಟ್ಟದ್ದು ಡ್ಯಾಶ್‌ಬೋರ್ಡಿನ ಎಡತುದಿಯ ಕಿಂಡಿ. ಗಾಳಿ ಮುಖಕ್ಕೆ ಬರಲೆಂದು ಅದರ ಅಡ್ಡಪಟ್ಟಿಗಳನ್ನು ಮೇಲೆತ್ತಿ ಇಟ್ಟರೆ, ಮೊದಲ ಹಂಪ್ ಬಂದ ಕೂಡಲೇ ನೆಂಟರ ಎದುರು ಮದುಮಗಳು ತಲೆ ತಗ್ಗಿಸುವಂತೆ ತಗ್ಗಿಸಿಬಿಡುತ್ತಿದ್ದವು. ಗಾಳಿಯೆಲ್ಲ ಮೊಣಕಾಲಿಗೆ. ಬೇರೆ ಯಾರಾದರೂ ಅಲ್ಲಿ ಕೂರುವುದಾದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಆ ಸೀಟು ಅಮ್ಮನದು. ಹುತ್ತೂರಿನ ನಮ್ಮ ಮನೆಯಲ್ಲಿ ನನ್ನ ತಮ್ಮ ಮುನಿರಾಜುವಿನ ಜೊತೆ ಇರುವ ಅಮ್ಮನಿಗೆ ಬಸ್ಸು, ಕಾರು ಯಾವುದು ಹತ್ತಿದರೂ ವಾಂತಿ. ತಣ್ಣನೆಯ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿದ್ದರೆ ಮಾತ್ರ ಏನೂ ಆಗುವುದಿಲ್ಲ, ತಿರುಪತಿಯವರೆಗೂ ಮಾತಾಡಿಕೊಂಡು ಹೋಗಬಲ್ಲಳು.

ಮುಳಬಾಗಿಲಿನಲ್ಲಿರುವ ಚಿಕ್ಕಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರು. ನೋಡಿಕೊಂಡು ಬರೋಣವೆಂದು ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಹೆದ್ದಾರಿ ಸೇರುವ ಮೊದಲೇ ಕಿಂಡಿ ಹಂಪೊಂದಕ್ಕೆ ನಮಸ್ಕಾರ ಹಾಕಿತು. ಅಮ್ಮ ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕೊನೆಗೆ ಸೋತು, “ಹಿಂದಕ್ಕೆ ತಿರುಗ್ಸೋ, ನಿನ್ ಕಾರು ನಂಗೆ ಆಗಿಬರಲ್ಲ” ಎಂದಳು. ಅಂದಿನಿಂದ ಹೊಸ್ತಿಲು ದಾಟಲಿಲ್ಲ. ಚಿಕ್ಕಮ್ಮ ದಿನಾ ಫೋನು ಮಾಡುವಳು: “ಕಣ್ ಬಂದ್ಮೇಲೆ ಎಲ್ಲಾರ್ನೂ ನೋಡ್ದೆ ಅಕ್ಕಾ, ನಿನ್ನೊಬ್ಳನ್ನ ಬಿಟ್ಟು.” ವಿಡಿಯೋ ಕಾಲ್ ಮಾಡಿಕೊಟ್ಟರೆ, “ಅಂಗೈಯಷ್ಟು ಡಬ್ಬೀಲಿ ನೋಡಿದ್ರೆ ನೋಡ್ದಂಗಾ? ಪೋನೀ, ಹೋಗ್ಲಿ ಬಿಡು, ನಮ್ ಹಣೇಲಿ ಬರ್ದಿಲ್ಲ” ಎಂದು ಅತ್ತಳು. ಅಮ್ಮನೂ ಅತ್ತಳು. ಮೂರು ಬೆರಳಗಲದ ಒಂದು ಕಿಂಡಿ ಅಕ್ಕತಂಗಿಯರ ನಡುವೆ ಅಡ್ಡ ನಿಂತಿತ್ತು.

ಕೋಲಾರದ ಮೆಕ್ಯಾನಿಕ್ಕಿಗೆ ತೋರಿಸಿದೆ. “ಇದು ರಿಪೇರಿ ಆಗಲ್ಲ ಸಾರ್, ಪೂರ್ತಿ ಪೀಸೇ ತರಿಸ್ಬೇಕು, ಯಾವಾಗ ಬರುತ್ತೋ ಗೊತ್ತಿಲ್ಲ” ಎಂದ. ಮದುವೆ ಕಾಗದವನ್ನು ಮಡಚಿ ಸಂದಿಗೆ ತುರುಕಿದೆ, ಅದು ಒಳಗೆ ಬಿದ್ದುಹೋಯಿತು. ಟೇಪು ಅಂಟಿಸಿದೆ, ಬಿಸಿಲಿಗೆ ಕರಗಿ ಅಂಟು ಮಾತ್ರ ಉಳಿಯಿತು. ಹೆಂಡತಿ ಮಂಜುಳ ತನ್ನ ಜಡೆಯ ರಬ್ಬರ್ ಬ್ಯಾಂಡ್ ಸುತ್ತಿದಳು. ಅದು ಅಷ್ಟಿಷ್ಟು ಕೆಲಸ ಮಾಡಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ, ಸಂಜೆಗೆ ಕಿತ್ತುಹೋದಾಗ ಒಳಗೊಳಗೇ ಸಮಾಧಾನವಾಯಿತು.

ಆದರೆ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯೇ ಬೇರೆ. ಬಲಗಡೆ ನನ್ನ ಪಕ್ಕದ ಕಿಂಡಿ ಗಟ್ಟಿಯಾಗಿದೆ, ನಡುವಿನವೂ ಗಟ್ಟಿಯಾಗಿವೆ. ಎಡಗಡೆಯದು ಮಾತ್ರ ಯಾಕೆ ಸಡಿಲವಾಯಿತು? ಮೊದಲು ಮಂಜುಳಳ ಮೇಲೆ ಅನುಮಾನ. ಅವಳು ಕೂತಲ್ಲಿ ಸುಮ್ಮನಿರದೆ ಅದನ್ನು ಮೇಲೆ ಕೆಳಗೆ ಆಡಿಸುತ್ತಾಳೆ. “ನೀವು ಪಂಚೆ ಸರಿ ಮಾಡ್ಕೊಳ್ಳೋದಕ್ಕಿಂತ ಜಾಸ್ತಿ ಏನೂ ಆಡ್ಸಿಲ್ಲ ಕಣ್ರೀ” ಎಂದಳು. ಆಮೇಲೆ ಮುನಿರಾಜು. ಅವನು ಮುಂದಿನ ಸೀಟಿನಲ್ಲಿ ಟೊಮೇಟೊ ಕ್ರೇಟ್ ಇಟ್ಟುಕೊಂಡು ಮಂಡಿಗೆ ಹೋಗುವುದುಂಟು, ಅದರ ಮೂಲೆ ತಾಗಿರಬೇಕು. “ತಾಗಿದ್ರೆ ಟೊಮೇಟೊ ಒಡೆದಿರ್ತಿತ್ತಲ್ಲಣ್ಣ” ಎಂದು ಅವನು ತಪ್ಪಿಸಿಕೊಂಡ. ಕಡೆಗೆ, ಈ ಕಾರನ್ನು ನನಗೆ ಮಾರಿದ ಮಾಲೂರಿನವರು ಎಡಚರೇ ಇರಬೇಕೆಂದು ತೀರ್ಮಾನಿಸಿ ಫೋನು ಮಾಡಿಯೇಬಿಟ್ಟೆ. ಅವರು ಪಾಪ, ಬಲಗೈಯಲ್ಲೇ ಬರೆಯುವವರು, ತಾಳ್ಮೆಯವರು ಕೂಡ.

ಭಾನುವಾರ ಹುತ್ತೂರಿನಲ್ಲಿ, ರೇಷ್ಮೆ ಹುಳ ಸಾಕುವ ಮನೆಯ ನೆರಳಿನಲ್ಲಿ ಕಾರು ನಿಲ್ಲಿಸಿ ಶಸ್ತ್ರಚಿಕಿತ್ಸೆಗೆ ಕೂತೆ. ಪ್ಲಾಸ್ಟಿಕ್ ಗೀರಬಾರದೆಂದು ಹಳೆಯ ಟೂತ್‌ಬ್ರಷ್ಷಿನ ಹಿಡಿಯಿಂದ ಅಂಚನ್ನು ಮೀಟಿದೆ. ಟಪ್ಪೆಂದು ಇಡೀ ಕಿಂಡಿ ಕೈಗೆ ಬಂತು. ಮನೆಯವರೆಲ್ಲ ಸುತ್ತ ನಿಂತಿದ್ದರು. ತಲೆಕೆಳಗಾಗಿ ಕೊಡವಿದೆ. ಮೊದಲು ಮದುವೆ ಕಾಗದದ ತುಂಡು ಬಿತ್ತು. ಅದರ ಹಿಂದೆ ಒಣಗಿದ ಸೇವಂತಿಗೆ ಎಸಳು. ಅದರ ಹಿಂದೆ ಊದುಬತ್ತಿಯ ಮೋಟು ಕಡ್ಡಿಗಳು. ಒಂದಲ್ಲ, ಎರಡಲ್ಲ, ಅಂಗೈ ತುಂಬ.

ಎಲ್ಲರೂ ನನ್ನನ್ನೇ ನೋಡಿದರು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ ಕಾರಿಗೆ ಕುಂಕುಮವಿಟ್ಟು, ಹೂ ಮುಡಿಸಿ, ಊದುಬತ್ತಿ ಬೆಳಗಿ ಆ ಪಟ್ಟಿಗಳ ನಡುವೆ ಸಿಗಿಸುವುದು ನಾನೇ. ಬಲಗಡೆಯದಕ್ಕೆ ಸಿಗಿಸಿದರೆ ಆಫೀಸಿಗೆ ಹೊರಟ ಪ್ಯಾಂಟಿನ ಮೇಲೆ ಬೂದಿ ಉದುರುತ್ತದೆಂದು ಜಾಣತನದಿಂದ ಎಡಗಡೆಯದನ್ನು ಆರಿಸಿಕೊಂಡವನೂ ನಾನೇ. “ಮಾಲೂರಿನವರಿಗೆ ಇನ್ನೊಂದ್ ಫೋನ್ ಮಾಡ್ತೀರಾ?” ಎಂದು ಮಂಜುಳ ಕೇಳಿದಳು.

ಮಾನ ಉಳಿಸಿಕೊಳ್ಳಲು ರಿಪೇರಿಯಲ್ಲಿ ಮುಳುಗಿದೆ. ವಾರವಾರ ಕಡ್ಡಿ ತುರುಕಿದ್ದಕ್ಕೆ ಪಟ್ಟಿಗಳ ತುದಿಯ ಪುಟ್ಟ ಮೊಳೆಗಳು ಸವೆದು, ಕೂರುವ ತೂತುಗಳಲ್ಲಿ ಲೊಡಲೊಡ ಎನ್ನುತ್ತಿದ್ದವು. ಅವಕ್ಕೆ ತೆಳ್ಳಗೆ ಏನಾದರೂ ಸುತ್ತಬೇಕು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಅಲ್ಲೇ ಗೋಡೆಗೆ ಒರಗಿತ್ತು, ಗೂಡು ಬಿಡಿಸಿದಾಗ ಉಳಿದ ರೇಷ್ಮೆಯ ಜಾಳು ಎಳೆಗಳು ಅದಕ್ಕೆ ಅಂಟಿಕೊಂಡಿದ್ದವು. ಒಂದು ಚಿಟಿಕೆ ಕಿತ್ತು, ಎಂಜಲು ಹಚ್ಚಿ, ಒಂದೊಂದು ಮೊಳೆಗೂ ಸುತ್ತಿ ಒತ್ತಿ ಕೂರಿಸಿ, ಕಿಂಡಿಯನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದೆ. ಪಟ್ಟಿಯನ್ನು ಎತ್ತಿದೆ, ನಿಂತಿತು. ಬಾನೆಟ್ಟಿಗೆ ಗುದ್ದಿದೆ, ಆಗಲೂ ನಿಂತಿತು. ಅಮ್ಮ ಬಗ್ಗಿ ನೋಡಿ, “ಪಾಪ, ಹುಳ ಸೀರೆ ಆಗ್ತೀನಿ ಅಂದ್ಕೊಂಡು ಸತ್ತಿತ್ತು ಕಣೋ” ಎಂದಳು. ಹಾಗೆಂದವಳು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು.

ಹಂಪುಗಳನ್ನೆಲ್ಲ ದಾಟಿದೆವು. ಕಿಂಡಿ ತಲೆ ತಗ್ಗಿಸಲಿಲ್ಲ. ಅಮ್ಮ ಮುಳಬಾಗಿಲಿನವರೆಗೂ ಗಾಳಿಗೆ ಮುಖವೊಡ್ಡಿ ಮಾತಾಡಿದ್ದೇ ಮಾತಾಡಿದ್ದು. ಚಿಕ್ಕಮ್ಮ ಗೇಟಿಗೆ ಓಡಿ ಬಂದು, ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಇಷ್ಟ್ ಸುಕ್ಕು ಯಾವಾಗ್ ಬಂತು ನಿಂಗೆ? ನಂಗ್ ಕಾಣ್ಸೇ ಇರ್ಲಿಲ್ವಲ್ಲೇ!” ಎಂದಳು. ಇಬ್ಬರೂ ನಗುತ್ತ ಅತ್ತರು. ನಾನು ಕಾರು ಒರೆಸುವ ನೆಪದಲ್ಲಿ ಆಚೆ ಹೋದೆ.

ಸಂಜೆ ಹೊರಡುವಾಗ ಚಿಕ್ಕಮ್ಮ ಅಕ್ಕನನ್ನು ಕರೆತಂದ ಕಾರಿಗೆ ಪೂಜೆ ಮಾಡಲೇಬೇಕೆಂದು ತಟ್ಟೆ ಹಿಡಿದು ಬಂದಳು. ಕುಂಕುಮವಿಟ್ಟಳು, ಹೂವಿಟ್ಟಳು, ಉರಿಯುವ ಊದುಬತ್ತಿ ಹಿಡಿದು, “ಇದನ್ನ ಎಲ್ಲಿ ಸಿಗ್ಸೋದಪ್ಪಾ?” ಎಂದು ಕೇಳಿದಳು.

ನನ್ನ ಬೆರಳು ತಾನೇ ತಾನಾಗಿ ಎಡಗಡೆಯ ಕಿಂಡಿಯನ್ನು ತೋರಿಸಿತು.

“ಏನ್ಲಾ!” ಎಂದು ಅಮ್ಮ ಕೂತಲ್ಲಿಂದಲೇ ಗದರಿ, ಊದುಬತ್ತಿಯನ್ನು ತಂಗಿಯ ಕೈಯಿಂದ ಕಿತ್ತುಕೊಂಡಳು. ಪೂಜೆಯದು, ಆರಿಸುವಂತಿಲ್ಲ. ಹೊಗೆ ತನಗೆ ಆಗಿಬರುವುದಿಲ್ಲ. ಆದ್ದರಿಂದ ಕಾರು ಹೊರಟ ಮೇಲೂ ಅದು ಉರಿದು ಮುಗಿಯುವವರೆಗೂ ಕೈಯನ್ನು ನನ್ನ ಕಡೆಗೆ ಚಾಚಿ ಹಿಡಿದುಕೊಂಡೇ ಕೂತಳು. ರಿಪೇರಿಯಾದ ಕಿಂಡಿಯಿಂದ ಗಾಳಿ ಚೆನ್ನಾಗಿಯೇ ಬೀಸುತ್ತಿತ್ತು. ಬೂದಿಯೆಲ್ಲ ನನ್ನ ಪ್ಯಾಂಟಿನ ಮೇಲೆ ಉದುರಿತು.